ಕುರಿ ಮಲಗಿದ ನೆಲ

ಆ ಮನೆಯಲ್ಲಿ ದಿನಾ ಬೆಳಿಗ್ಗೆ ಎರಡು ಬಗೆಯ ಚಹಾ ಆಗುತ್ತಿತ್ತು. ಹಾಲು ಹಾಕಿದ್ದು ಮನೆಮಂದಿಗೆಲ್ಲ, ಹಾಲಿಲ್ಲದ್ದು ಅಕ್ಕನಿಗೆ ಮಾತ್ರ. ಅವಳಿಗೆ ಹಾಲು ಸೇರುವುದಿಲ್ಲ ಎಂದೇನೂ ಅಲ್ಲ. ತವರಿನಲ್ಲಿ ಕೆನೆಗಾಗಿ ತಂಗಿಯ ಜಡೆ ಹಿಡಿದು ಜಗಳವಾಡಿದವಳೇ. ಆದರೆ ಈಗ ಈ ಮನೆಗೆ ಹಾಲು ಕೊಡುತ್ತಿದ್ದುದು ತಂಗಿಯ ಹಸು, ಆ ಹಸು ತಿನ್ನುತ್ತಿದ್ದುದು ತಂಗಿಯ ಪಾಲಿನ ನೆಲದ ಹುಲ್ಲು. ಆ ಹುಲ್ಲು ಹಾಲಾಗಿ, ಹಾಲು ಚಹಾ ಆಗಿ ತನ್ನ ಗಂಟಲಲ್ಲಿ ಇಳಿಯುವುದು ಅಕ್ಕನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. "ಹಾಲು ಹಾಕಿದ್ರೆ ನಂಗೆ ಎದೆ ಉರಿ" ಎನ್ನುತ್ತಿದ್ದಳು. ಉರಿ ಇದ್ದದ್ದು ನಿಜ, ಎದೆಗಿಂತ ತುಸು ಕೆಳಗೆ.

ಅಕ್ಕ ತಂಗಿ ಇಬ್ಬರೂ ಒಂದೇ ಮನೆಯ ಸೊಸೆಯರು. ತಂಗಿಯನ್ನು ಮೈದುನನಿಗೆ ತಂದುಕೊಂಡವಳು ಅಕ್ಕನೇ. ಯಾವಳೋ ಹೊರಗಿನವಳು ಬಂದು ತನ್ನ ಮೇಲೆ ಜರ್ಬು ತೋರಿಸುವುದಕ್ಕಿಂತ, ಕಣ್ಣೆದುರು ಬೆಳೆದವಳು, ಹೇಳಿದ ಮಾತು ಕೇಳುವವಳು ಇರಲಿ ಎಂಬ ಯೋಚನೆ ಅವಳದು. ತಂಗಿ ಮಾತು ಕೇಳಿದಳು ಕೂಡ. ಬಂದು ಇಷ್ಟು ವರ್ಷವಾದರೂ ಒಂದು ದಿನ ಎದುರುತ್ತರ ಕೊಟ್ಟವಳಲ್ಲ. ಅಕ್ಕನಿಗೆ ತಡೆದುಕೊಳ್ಳಲು ಆಗದಿದ್ದುದು ಅದೇ. ಎದುರಿಗಿರುವವಳು ಬಾಯಿ ತೆಗೆಯದಿದ್ದರೆ ಒಬ್ಬಳೇ ಎಷ್ಟು ದಿನ ಅಂತ ಜಗಳವಾಡುವುದು?

ಅಕ್ಕನ ಗಂಡನದು ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ. ತಂಗಿಯ ಗಂಡ ಹಾಲಿನ ವ್ಯಾನ್ ಓಡಿಸುತ್ತಾನೆ. ಇಬ್ಬರೂ ಬೆಳಿಗ್ಗೆ ತಿಂದು ಹೊರಟರೆ ಕತ್ತಲಾದ ಮೇಲೆಯೇ ಬರುವುದು. ಮನೆಯಲ್ಲಿ ಉಳಿಯುವವರು ಅತ್ತೆ, ಇಬ್ಬರು ಸೊಸೆಯರು, ಶಾಲೆ ಬಿಟ್ಟ ಮೇಲೆ ಅಕ್ಕನ ಮಗಳು. ಈ ಮಗಳಾದರೂ ತನ್ನ ಪಕ್ಷವೇ ಎಂದರೆ, ಅದು ಪುಸ್ತಕ ಎತ್ತಿಕೊಂಡು ನೇರ ಚಿಕ್ಕಮ್ಮನ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂತು ಓದುತ್ತಿತ್ತು. ಮಕ್ಕಳಿಲ್ಲದ ತಂಗಿಗೆ ಮಗಳೂ ಸಿಕ್ಕಿದ ಹಾಗಾಗಿತ್ತು, ಹೊತ್ತು ಹೆತ್ತ ಕಷ್ಟ ಮಾತ್ರ ಅಕ್ಕನದು.

ನೆಲದ ವಿಷಯ ಹೇಳದಿದ್ದರೆ ಈ ಹೊಟ್ಟೆಕಿಚ್ಚು ಅರ್ಥವಾಗುವುದಿಲ್ಲ. ಮನೆಯ ಹಿಂದೆ ಒಂದು ಇಳಿಜಾರು. ಮಾವ ತೀರಿಕೊಂಡು ಪಾಲು ಮಾಡುವಾಗ, ಹಿರಿಯ ಮಗ ಮೊದಲು ಆರಿಸಿಕೊಳ್ಳಲಿ ಎಂದು ಅತ್ತೆಯೇ ಹೇಳಿದ್ದರು. ಕೆಳಗಿನ ಅರ್ಧ ಸಮತಟ್ಟು, ಕೆಂಪು ಮಣ್ಣು, ಎರಡು ತಲೆಮಾರು ಉತ್ತು ಬಿತ್ತಿದ ನೆಲ. ಮೇಲಿನ ಅರ್ಧ ಬರೀ ಗರಸು, ಸಣ್ಣ ಕಲ್ಲು ಬೆರೆತ ಮಣ್ಣು. ಹಿಂದೆ ಮನೆಯಲ್ಲಿ ಕುರಿಗಳಿದ್ದಾಗ ಅಲ್ಲಿ ಮೇಯಿಸಿ, ರಾತ್ರಿ ಅಲ್ಲೇ ಕೂಡಿಹಾಕುತ್ತಿದ್ದರು. ನೇಗಿಲು ಅತ್ತ ತಿರುಗಿಯೂ ನೋಡಿರಲಿಲ್ಲ. ಅಕ್ಕ ಬಾಗಿಲ ಸಂದಿಯಿಂದ ಗಂಡನಿಗೆ ಕಣ್ಸನ್ನೆ ಮಾಡಿ ಕೆಳಗಿನದನ್ನೇ ಹಿಡಿಸಿದಳು. ಊರೆಲ್ಲ ಅವಳನ್ನು ಚಾಣಾಕ್ಷೆ ಎಂದಿತು. ಆ ಹೊಗಳಿಕೆಯನ್ನು ಅವಳು ಒಂದು ವರ್ಷ ಚಪ್ಪರಿಸಿದಳು.

ಆಮೇಲೆ ಬಾವಿ ಬತ್ತಿತು. ಗಂಡ ಉಳುವುದು ಬಿಟ್ಟು ಪಂಕ್ಚರ್ ಅಂಗಡಿ ಹಾಕಿದ. ಬಿಟ್ಟ ನೆಲ ಹುಲ್ಲಾದರೂ ಬೆಳೆದುಕೊಳ್ಳುತ್ತದೆ ಎಂದುಕೊಂಡರು. ಅದು ಬೆಳೆಯಲಿಲ್ಲ. ಸೀದ ಗಂಜಿಯ ಪಾತ್ರೆಯ ಹಾಗೆ ಮೇಲೊಂದು ಪದರ ಕಟ್ಟಿ ಕೂತಿತು. ಮಳೆ ಬಂದರೆ ನೀರು ಒಳಗೆ ಇಳಿಯದೆ ಜಾರಿ ಹಳ್ಳಕ್ಕೆ ಹೋಗುತ್ತಿತ್ತು. ಮೇಲಿನ ಗರಸು ಮಾತ್ರ, ಕುರಿಗಳನ್ನು ಮಾರಿದ ಮೇಲೆ ಯಾರ ಹಂಗೂ ಇಲ್ಲದೆ, ವರ್ಷ ವರ್ಷ ಹುಲ್ಲು ಕಟ್ಟಿಕೊಂಡು ಸೊಂಟದೆತ್ತರ ಬೆಳೆಯಿತು. ತಂಗಿ ಅಲ್ಲಿ ಒಂದು ಕಡ್ಡಿ ನೆಟ್ಟವಳಲ್ಲ, ಒಂದು ಕೊಡ ನೀರು ಹಾಕಿದವಳಲ್ಲ. ಕುಡುಗೋಲು ಹಿಡಿದು ಹೋಗುವುದು, ಹೊರೆ ಕಟ್ಟಿಕೊಂಡು ಬರುವುದು, ಅಷ್ಟೇ.

"ಅವಳ ಹಣೆಬರಹ ಹಸಿರು ಶಾಯಿಯಲ್ಲಿ ಬರೆದಿದಾರೆ" ಎಂದು ಅಕ್ಕ ಪಕ್ಕದ ಮನೆಯ ದರ್ಜಿ ಹೆಂಗಸಿನ ಬಳಿ ಹೇಳಿಕೊಳ್ಳುತ್ತಿದ್ದಳು.

ಮಳೆಗಾಲಕ್ಕೆ ಸ್ವಲ್ಪ ಮೊದಲು ಹುಲ್ಲಿನ ಆಫೀಸಿನಿಂದ ಒಬ್ಬರು ಬಂದರು. ಹುಲ್ಲಿಗೂ ಒಂದು ಆಫೀಸು ಇದೆಯೆಂದು ಊರಿಗೆ ಗೊತ್ತಾದದ್ದು ಆಗಲೇ. ಅಕ್ಕನ ಮಗಳು ಅವರಿಗೆ ಹುಲ್ಲು ಮೇಡಂ ಎಂದು ಹೆಸರಿಟ್ಟಳು. ಈ ಕಡೆಯ ಹಳೆಯ ಹುಲ್ಲುಗಳ ಬೀಜ ಬೆಳೆಸುವುದಕ್ಕೆ ಅವರಿಗೆ ಒಂದು ತುಂಡು ನೆಲ ಬೇಕಿತ್ತು. ಬೇಲಿ ಅವರೇ ಹಾಕಿಸುತ್ತಾರೆ, ಕಾಯುವುದಕ್ಕೆ ಆ ನೆಲದವರ ಮನೆಯ ಹೆಂಗಸೊಬ್ಬಳನ್ನು ಇಟ್ಟುಕೊಳ್ಳುತ್ತಾರೆ. ತಿಂಗಳ ಸಂಬಳ, ಜೊತೆಗೆ ಆಫೀಸಿನ ನೀಲಿ ಕೋಟು. ಕೋಟು ಎಂದ ಕೂಡಲೇ ಅಕ್ಕನ ಕಿವಿ ನೆಟ್ಟಗಾಯಿತು.

ಮೇಡಂ ಮೊದಲು ಕೆಳಗಿನ ನೆಲಕ್ಕೆ ಬಂದು ಒಂದು ಕಬ್ಬಿಣದ ಕಡ್ಡಿ ಚುಚ್ಚಿದರು. ಅದು ಬೆರಳುದ್ದ ಇಳಿದು ನಿಂತಿತು.

"ಇಲ್ಲಿ ಉಳೋದು ಬಿಟ್ಟು ಎಷ್ಟು ಕಾಲ ಆಯ್ತಮ್ಮ?"

"ಇವಳು ಹುಟ್ಟೋಕೆ ಮುಂಚೆ" ಎಂದು ಅಕ್ಕ ಮಗಳನ್ನು ತೋರಿಸಿದಳು.

"ಆದ್ರೂ ನೋಡಿ, ನೇಗಿಲ ಸಾಲು ಇನ್ನೂ ಕಾಣುತ್ತೆ." ಸಂಜೆಯ ಓರೆ ಬಿಸಿಲಿಗೆ ನೆಲದ ಮೇಲೆ ಗೆರೆಗಳು ನಿಜಕ್ಕೂ ಎದ್ದು ಕಾಣುತ್ತಿದ್ದವು. "ಉತ್ತು ಉತ್ತು ಹುಲ್ಲಿನ ಬೇರೂ ಹೋಯ್ತು, ಬೀಜಾನೂ ಮುಗೀತು. ಮೇಲ್ಮಣ್ಣು ಗಾಳಿ ಪಾಲಾಯ್ತು. ನಾವು ಬಿಟ್ವಿ ಅಂತ ನೆಲ ಅಷ್ಟು ಬೇಗ ಮರೆಯಲ್ಲ."

"ಮತ್ತೆ ಮೇಲಿಂದು? ಅದಕ್ಕೂ ಇದೇ ಮಳೆ, ಇದೇ ಬಿಸಿಲು."

ಮೇಡಂ ಮೇಲೆ ಹತ್ತಿದರು. ಅಕ್ಕನೂ ಹಿಂದೆಯೇ ಹತ್ತಿದಳು, ಮೊಮ್ಮಗಳ ಕೈ ಹಿಡಿದು ಅತ್ತೆಯೂ ಬಂದರು. ಅಲ್ಲಿ ಕಡ್ಡಿ ಅರ್ಧಕ್ಕೂ ಹೆಚ್ಚು ಇಳಿಯಿತು.

"ಇಲ್ಲಿ ಕುರಿ ಮೇಯ್ದು ಬೋಳು ಮಾಡಿದ್ವು, ನಿಜ. ಆದ್ರೆ ನೇಗಿಲು ಬೀಳಲಿಲ್ಲ, ಬೇರು ಉಳೀತು. ಕುರಿ ಹೋದ ಮೇಲೆ ಚಿಗುರಿಕೊಂಡಿದೆ. ಈ ದುಂಡಗೆ ಕಪ್ಪಗಿರೋ ಜಾಗ ಇದೆಯಲ್ಲ, ಇದು ಕುರಿ ಮಲಗ್ತಿದ್ದ ಜಾಗ ಇರಬೇಕು. ಆಗಿನ ಹಿಕ್ಕೆ ಇವತ್ತಿಗೂ ಕೆಲಸ ಮಾಡ್ತಿದೆ."

"ಹೌದು, ದೊಡ್ಡಿ ಅಲ್ಲೇ ಇತ್ತು" ಎಂದರು ಅತ್ತೆ. ಅವರ ಮುಖ ಅರಳಿತು. ಯಾರೋ ತಮ್ಮ ಕುರಿಗಳನ್ನು ನೆನೆದರಲ್ಲ ಎಂದು, ಮನೆಗೆ ಇಳಿದುಬಂದ ಮೇಲೆ ಮೇಡಂಗೆ ಕೂರಲು ಚಾಪೆ ಹಾಸಿದರು. ತಂಗಿ ಮಜ್ಜಿಗೆ ತಂದುಕೊಟ್ಟಳು. ಮಗಳು ಚಿಕ್ಕಮ್ಮನ ಹೊಲದ ಹುಲ್ಲುಗಳ ಹೆಸರನ್ನು ಒಂದೊಂದಾಗಿ ಮೇಡಂಗೆ ಹೇಳಿದಳು. ಅಕ್ಕ ಸೆರಗಿನ ತುದಿ ಹಿಡಿದು ದೂರ ನಿಂತಿದ್ದಳು. ಅಷ್ಟು ಮಾತಿನಲ್ಲಿ ಅವಳ ತಲೆಯಲ್ಲಿ ಕೂತದ್ದು ಒಂದೇ, ಹಿಕ್ಕೆ.

"ಮಳೆ ಹಿಡಿದು ನೆಲ ಹಸಿರಾದ ಮೇಲೆ ಮತ್ತೆ ಬರ್ತೀನಿ" ಎಂದರು ಮೇಡಂ. "ಆಗ ನೋಡಿ ಯಾವ ನೆಲ ಅಂತ ಹೇಳ್ತೀನಿ."

ಆ ರಾತ್ರಿ ಊಟಕ್ಕೆ ಕೂತಾಗ ಮಗಳೇ ಶುರು ಮಾಡಿದಳು. "ಕೋಟು ಚಿಕ್ಕಮ್ಮಂಗೇ."

"ನೀನು ಯಾರ ಮಗಳೇ?" ಎಂದಳು ಅಕ್ಕ, ರೊಟ್ಟಿಯನ್ನು ತಟ್ಟೆಗೆ ಎಸೆದಂತೆ ಹಾಕಿ.

"ನಿನ್ನ ಮಗಳೇ. ಅದಕ್ಕೇ ನಿಜ ಹೇಳ್ತಿರೋದು."

ಮೈದುನ ನಗು ತಡೆಯಲು ನೀರು ಕುಡಿದ. ಅಕ್ಕನ ಗಂಡ ಮಾತ್ರ ಬೇಳೆಯಲ್ಲಿ ರೊಟ್ಟಿ ಅದ್ದುತ್ತ, "ಯಾರಿಗಾದ್ರೂ ಬರಲಿ ಬಿಡೇ, ಮನೆಗೇ ತಾನೆ?" ಎಂದ.

"ಮನೆಗೆ ಬರೋದು ಬೇರೆ, ನನ್ನ ಕೈಗೆ ಬರೋದು ಬೇರೆ."

"ನೆಲಾನ ನೀನೇ ಆರಿಸಿಕೊಂಡಿದ್ದಮ್ಮ" ಎಂದರು ಅತ್ತೆ, ಮೊಸರಿನ ಪಾತ್ರೆಯನ್ನು ತಂಗಿಯ ಕಡೆ ಸರಿಸುತ್ತ. ಅವರು ಕುಹಕಕ್ಕೆ ಹೇಳಿದ್ದಲ್ಲ. ಆದರೆ ಆ ಪಾತ್ರೆ ತಂಗಿಯ ಕಡೆಗೇ ಸರಿಯಿತಲ್ಲ, ಅದನ್ನು ಅಕ್ಕ ನೋಡಿದಳು. ಈ ಮನೆಯಲ್ಲಿ ಒಂದೇ ಒಂದು ಸಲ ತಂಗಿಗಿಂತ ಮೊದಲು ತನ್ನ ಹೆಸರು ಬರಬೇಕು. ಆ ನೀಲಿ ಕೋಟು ತನ್ನ ಮೈಮೇಲೆ ಬರಬೇಕು. ಅಂದು ಅವಳು ಅರ್ಧ ಊಟಕ್ಕೇ ಕೈ ತೊಳೆದಳು.

ಮರುದಿನ ಗಂಡನ ಬುತ್ತಿ ತೆಗೆದುಕೊಂಡು ಹೆದ್ದಾರಿಗೆ ಹೋದಾಗ, ಅಂಗಡಿಯ ಮುಂದೆ ಕುರಿ ಹಿಂಡೊಂದು ರಸ್ತೆ ದಾಟಲು ನಿಂತಿತ್ತು. ಲಾರಿಗಳು ಹಾರ್ನ್ ಬಾರಿಸುತ್ತಿದ್ದವು. ಕುರಿಗಾರ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಬೀಡಿ ಸೇದುತ್ತಿದ್ದ.

"ಎಲ್ಲ ಕಡೆ ಒಣಗಿದೆ, ನಿನ್ನ ಕುರಿ ಮಾತ್ರ ದುಂಡಗಿವೆಯಲ್ಲಪ್ಪ" ಎಂದಳು ಅಕ್ಕ.

"ಹಳ್ಳದ ಉದ್ದಕ್ಕೂ ಜಾಲಿ ಕಾಯಿ ಉದುರಿದೆ ತಾಯಿ. ಬೆಲ್ಲ ತಿಂದ ಹಾಗೆ ತಿಂತವೆ."

"ರಾತ್ರಿ ಎಲ್ಲಿ ಕೂಡ್ತೀಯ?"

"ಯಾರು ಕರೆದ್ರೆ ಅಲ್ಲಿ."

ಮಾತು ಅಲ್ಲೇ ಕುದುರಿತು. ಮಳೆ ಬರುವವರೆಗೆ ಹಿಂಡು ರಾತ್ರಿ ಅಕ್ಕನ ನೆಲದಲ್ಲಿ ಮಲಗಬೇಕು, ಅವನಿಗೆ ಎರಡು ಹೊತ್ತಿನ ಊಟ, ಹೋಗುವಾಗ ಒಂದು ಚೀಲ ಜೋಳ. ಟ್ಯೂಬಿಗೆ ತೇಪೆ ಹಾಕುತ್ತಿದ್ದ ಗಂಡ ತಲೆ ಎತ್ತಿ, "ಜೋಳ ಯಾರದು?" ಎಂದ. "ಮನೆ ಜೋಳದಲ್ಲಿ ನಮ್ಮ ಪಾಲಿಂದು. ನಾನು ಕಮ್ಮಿ ತಿಂತೀನಿ" ಎಂದಳು ಅಕ್ಕ. ಮಾವನ ಕಾಲದ ಕುರಿಗಳು ವರ್ಷಗಟ್ಟಲೆ ಮಲಗಿ ಮಾಡಿದ್ದನ್ನು ಅವಳು ಈ ಬೇಸಿಗೆ ಮುಗಿಯುವುದರೊಳಗೆ ಮಾಡಿಸಿ ತೋರಿಸುವವಳಿದ್ದಳು.

ಸಂಜೆ ಧೂಳೆಬ್ಬಿಸಿಕೊಂಡು ಹಿಂಡು ಬಂತು. ಅತ್ತೆ ಮೊಣಕಾಲ ಮೇಲೆ ಕೈ ಊರಿ ಎದ್ದು ಅಂಗಳದ ತುದಿಯವರೆಗೂ ಹೋದರು. ಕುರಿಯ ವಾಸನೆಗೆ ಅವರಿಗೆ ವಯಸ್ಸು ಇಳಿದ ಹಾಗಾಯಿತು. ಒಂದರ ಬೆನ್ನು ತಡವಿ, ಇನ್ನೊಂದರ ಬಾಯಿ ನೋಡಿ, ಸೊಸೆಯ ಕಡೆ ತಿರುಗಿದರು.

"ಎಲ್ಲಿ ಮೇಯ್ದು ಬಂದಿವೆ ಇವು?"

"ಹಳ್ಳದ ಕಡೆ."

"ಹಾಗಾದ್ರೆ ಹೊಟ್ಟೆ ತುಂಬ ಜಾಲಿ ಬೀಜ ಇರುತ್ತೆ. ಈಗಲೇ ಹೊಲಕ್ಕೆ ಬಿಡಬೇಡ. ಹೊರಗಿನ ಕುರಿ ಬಂದ್ರೆ ನಾವು ಒಂದು ವಾರ ಆಚೆ ಬಂಡೆ ಮೇಲೆ ಕೂಡಿ, ಒಣಹುಲ್ಲು ಹಾಕಿ, ಹೊಟ್ಟೆ ಖಾಲಿ ಮಾಡಿಸಿ ಆಮೇಲೆ ದೊಡ್ಡಿಗೆ ಬಿಡ್ತಿದ್ವಿ."

"ಇಷ್ಟು ಕುರಿಗೆ ಒಂದು ವಾರ ಹುಲ್ಲು ಎಲ್ಲಿಂದ ತರಲಿ ಅತ್ತೆ?"

ಕೊಟ್ಟಿಗೆಯಿಂದ ಸಗಣಿ ಬುಟ್ಟಿ ಹೊತ್ತು ಬರುತ್ತಿದ್ದ ತಂಗಿ ಅಲ್ಲೇ ನಿಂತಳು. "ನನ್ನ ಬಣವೆ ಇದೆಯಲ್ಲ ಅಕ್ಕ. ಅದನ್ನೇ ಹಾಕು. ಮಳೆ ಬಂದ್ರೆ ಹಸುಗೆ ಹೊಸ ಹುಲ್ಲು ಸಿಗುತ್ತೆ."

ಆ ಮಾತೊಂದು ಬರದಿದ್ದರೆ ಅಕ್ಕ ಅತ್ತೆಯ ಮಾತು ಕೇಳುತ್ತಿದ್ದಳೋ ಏನೋ. ಜಾಲಿ ಏನೆಂದು ತಿಳಿಯದವಳೇನಲ್ಲ ಅವಳು. ಆದರೆ ತಂಗಿಯ ಬಾಯಿಂದ ಬಂದ ಮೇಲೆ ಮುಗಿಯಿತು.

"ನಿನ್ನ ಹುಲ್ಲು ತಿಂದು ಇವು ಹಿಕ್ಕೆ ಹಾಕಿದ್ರೆ, ನಾಳೆ ನನ್ನ ನೆಲದಲ್ಲಿ ಬೆಳೆದಿದ್ದೂ ನಿಂದೇ ಅಂತಾಗುತ್ತೆ. ಬೇಡ ತಾಯಿ."

"ಅವಳು ಒಳ್ಳೇದಕ್ಕೆ ಹೇಳಿದ್ದು" ಎಂದರು ಅತ್ತೆ.

"ಹೌದತ್ತೆ. ಅವಳು ಹೇಳೋದೆಲ್ಲ ಒಳ್ಳೇದಕ್ಕೆ. ನಾನು ಬಾಯಿ ಬಿಟ್ಟರೆ ಮಾತ್ರ ಕೆಟ್ಟದ್ದಕ್ಕೆ. ನನ್ನ ನೆಲ ಹಸಿರಾದ್ರೆ ಈ ಮನೇಲಿ ಯಾರಿಗೂ ನಿದ್ದೆ ಬರಲ್ಲ, ಅಲ್ವಾ?"

"ನಿಂಗೆ ಹೇಳೋಕೆ ಬಂದೆನಲ್ಲ" ಎಂದು ಅತ್ತೆ ಒಳಗೆ ಹೋದರು. ತಂಗಿ ಬುಟ್ಟಿ ಹೊತ್ತು ತಿಪ್ಪೆಗುಂಡಿಯ ಕಡೆ ನಡೆದಳು. ಕುರಿಗಳು ಸೀದಾ ಅಕ್ಕನ ನೆಲಕ್ಕೆ ಇಳಿದವು.

ಮಳೆ ಬರುವವರೆಗೂ ಅಕ್ಕನ ಸಂಭ್ರಮ ನೋಡಬೇಕಿತ್ತು. ಕುರಿಗಾರನಿಗೆ ಬಿಸಿ ರೊಟ್ಟಿ, ಈರುಳ್ಳಿ, ಗಟ್ಟಿ ಬೇಳೆ. "ನಂಗೂ ಒಂದು ದಿನ ಹೀಗೆ ಬಡಿಸೇ" ಎಂದು ಗಂಡ ತಮಾಷೆ ಮಾಡಿದ. ಬೆಳಿಗ್ಗೆ ಹಿಂಡು ಎದ್ದು ಹೋದ ಮೇಲೆ ಅವಳು ಪೊರಕೆ ಹಿಡಿದು ಹೊಲಕ್ಕೆ ಹೋಗಿ ಒತ್ತಾಗಿ ಬಿದ್ದ ಹಿಕ್ಕೆಯನ್ನು ಎಲ್ಲ ಕಡೆ ಹರಡುತ್ತಿದ್ದಳು. ಒಂದು ಮೂಲೆಯೂ ಬರಿದಾಗಿ ಉಳಿಯಬಾರದೆಂದು ಹಠ. ತಂಗಿಯ ನೆಲದಲ್ಲಿ ಒಂದು ದುಂಡು ಮಾತ್ರ ಕಪ್ಪಗಿದ್ದರೆ, ತನ್ನದು ಪೂರ್ತಿ ಕಪ್ಪಗಾಗಬೇಕು.

ಮಳೆ ಬಂತು. ಕುರಿಗಾರ ಜೋಳದ ಚೀಲ ಕತ್ತೆಯ ಮೇಲೆ ಹೇರಿಕೊಂಡು ಹೊರಟುಹೋದ. ಬಿಡದೆ ಸುರಿದದ್ದರಿಂದ ಹಿತ್ತಿಲು ದಾಟುವುದೂ ಕಷ್ಟವಾಯಿತು. ಮೋಡ ಒಂದಿಷ್ಟು ಸರಿದ ಬೆಳಿಗ್ಗೆ ಅಕ್ಕ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿ ನೋಡಿದರೆ, ಕೆಳಗಿನ ನೆಲ ಹಸಿರು. ತೆಳ್ಳಗೆ, ಒಂದೇ ಸಮನೆ, ಮೂಲೆಯಿಂದ ಮೂಲೆಗೆ ಹಸಿರು.

ಅವಳು ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಇಳಿದುಬಂದಳು. ಒಲೆಯ ಮುಂದೆ ಕೂತಿದ್ದ ತಂಗಿಗೆ, "ನಂಗೂ ಹಾಲು ಹಾಕೇ ಇವತ್ತು" ಎಂದಳು. ತಂಗಿ ಏನೂ ಕೇಳದೆ ಹಾಕಿದಳು. ಆ ಚಹಾ ಕುಡಿದು, ದರ್ಜಿ ಹೆಂಗಸಿನ ಮನೆಗೆ ಹೋಗಿ, ಹೊಲಿಗೆ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಹೇಳಿ, ಕೋಟಿನ ತೋಳು ಉದ್ದವಾದರೆ ಕತ್ತರಿಸಿ ಹೊಲಿದುಕೊಡಬೇಕೆಂದು ಒಪ್ಪಿಸಿಯೂ ಬಂದಳು.

ಮರುದಿನ ಮಗಳು ಶಾಲೆಯಿಂದ ಹೊಲದ ಬದುವಿನ ಮೇಲೆ ಹಾದು ಬಂದಳು. "ಅಮ್ಮ, ಹುಲ್ಲು ಮೊಳೆತರೆ ಒಂದೇ ಎಲೆ ಬರುತ್ತೆ ಅಲ್ವಾ?"

"ಹೂಂ. ಸೂಜಿ ಥರ."

"ನಮ್ಮದಕ್ಕೆ ಎರಡೆರಡು ಇದೆ."

ಅಕ್ಕ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು. ಬಗ್ಗಿ ನೋಡಿದಳು. ಹಿಕ್ಕೆ ಬಿದ್ದಲ್ಲೆಲ್ಲ ಮೊಳಕೆ, ಎರಡು ದಪ್ಪ ಎಲೆ, ನಡುವೆ ಸಣ್ಣ ಗರಿ. ಜಾಲಿ. ತಾನೇ ಪೊರಕೆ ಹಿಡಿದು ಹರಡಿದ್ದ ಮುಳ್ಳು. ಹೀಗೇ ಬಿಟ್ಟರೆ ಬರುವ ವರ್ಷ ಮನುಷ್ಯರು ಕಾಲಿಡದ ಪೊದೆ. ಕೆಸರಿನಲ್ಲಿ ಕುಕ್ಕರಿಸಿ ಕೂತು ಅವಳು ಮೊದಲು ಕುರಿಗಾರನನ್ನು ಬೈದಳು, ಆಮೇಲೆ ಅತ್ತೆಯನ್ನು, ಆಮೇಲೆ ಬಣವೆಯ ಮಾತೆತ್ತಿದ ತಂಗಿಯನ್ನು. ಬೈಯಲು ಇನ್ನು ಯಾರೂ ಉಳಿಯದಿದ್ದಾಗ ಅತ್ತಳು.

ಮೇಡಂ ಬರುವುದರೊಳಗೆ ಯಾರಿಗೂ ತಿಳಿಯದ ಹಾಗೆ ಕಿತ್ತುಬಿಡಬೇಕು. ಮಗಳಿಗೆ ಬಾಯಿ ಮುಚ್ಚಿಕೊಂಡಿರು ಎಂದಳು. ಕೈಯಲ್ಲಿ ಎಳೆದರೆ ಮೇಲಿನದು ಮುರಿದು ಬರುತ್ತಿತ್ತು, ಬೇರು ಒಳಗೇ ಉಳಿಯುತ್ತಿತ್ತು. ಬೇರು ಉಳಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ. ಗಂಡನ ಅಂಗಡಿಯಿಂದ ಟೈರು ಬಿಚ್ಚುವ ಸರಳೊಂದನ್ನು ಬುತ್ತಿಚೀಲದಲ್ಲಿ ಅಡಗಿಸಿ ತಂದಳು. ಮಧ್ಯಾಹ್ನ ಅತ್ತೆ ಅಡ್ಡಾದಾಗ, ತಂಗಿ ಹಸುವಿನ ಕೆಲಸದಲ್ಲಿದ್ದಾಗ, ಹೋಗಿ ಮೀಟುತ್ತಿದ್ದಳು. ಮೀಟಿದಷ್ಟೂ ಮುಂದೆ ಇನ್ನಷ್ಟು ಕಾಣುತ್ತಿತ್ತು.

"ನನ್ನ ಟೈರು ಸರಳು ಯಾರು ತಗೊಂಡ್ರಿ?" ಎಂದ ಗಂಡ ಒಂದು ರಾತ್ರಿ ಊಟದ ನಡುವೆ. "ಇಡೀ ಅಂಗಡಿ ಹುಡುಕಿದೆ."

ಅಕ್ಕ ರೊಟ್ಟಿ ಮುರಿಯಲು ಹೋದಳು. ಅಂಗೈಯ ಬೊಬ್ಬೆ ಒಡೆದಿತ್ತು. ಬೇಳೆಯ ಖಾರ ತಗುಲಿ ಕೈ ಹಿಂದೆಗೆದಳು. ಅತ್ತೆ ನೋಡಿದರು. ತಂಗಿಯೂ ನೋಡಿದಳು.

ಮರುದಿನ ಮಧ್ಯಾಹ್ನ ಅಕ್ಕ ಮೀಟುತ್ತಿದ್ದಾಗ ಪಕ್ಕದ ಸಾಲಿನಲ್ಲಿ ಯಾರೋ ಕೂತಂತಾಯಿತು. ತಂಗಿ, ಕೈಯಲ್ಲಿ ಹಳೆಯ ಕಬ್ಬಿಣದ ಗೂಟ.

"ನಿನ್ನ ಯಾರು ಕರೆದ್ರು?"

"ಯಾರೂ ಕರೀಲಿಲ್ಲ. ಮಳೆ ನಿಂತು ಮಣ್ಣು ಬಿಗಿದ್ರೆ ಆಮೇಲೆ ಇವು ಬರಲ್ಲ ಅಕ್ಕ."

ಅಕ್ಕ ಬೆನ್ನು ತಿರುಗಿಸಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಓರೆಗಣ್ಣಿನಲ್ಲಿ ನೋಡಿದರೆ, ತಂಗಿಯ ಪಕ್ಕದಲ್ಲಿ ಕಿತ್ತ ಮೊಳಕೆಗಳ ರಾಶಿ. ಒಂದೊಂದರದೂ ಬೇರು ಇಲಿಯ ಬಾಲದ ಹಾಗೆ ಉದ್ದಕ್ಕೆ, ಒಂದೂ ಮುರಿದಿರಲಿಲ್ಲ. ಅಕ್ಕನ ರಾಶಿಯಲ್ಲಿ ಅರ್ಧಕ್ಕರ್ಧ ಮೊಂಡು. ತನ್ನ ಹೊಲ, ತನ್ನ ಮುಳ್ಳು, ತನ್ನ ಅವಮಾನ, ಅದರಲ್ಲೂ ಇವಳೇ ಮುಂದೆ. ಅಕ್ಕನಿಗೆ ಸರಳನ್ನು ಎಸೆದು ಎದ್ದು ಹೋಗಬೇಕೆನಿಸಿತು. ಹೋದರೆ ಮುಳ್ಳು ಉಳಿಯುತ್ತದೆ. ಕೊನೆಗೆ ನುಂಗಲಾರದ್ದನ್ನು ನುಂಗಿದ ಹಾಗೆ ಕೇಳಿದಳು.

"ಹೇಗೆ ಕೀಳ್ತಿದೀಯ?"

"ಗಿಡದ ಹತ್ತಿರ ಹಾಕಬೇಡ. ನಾಲ್ಕು ಬೆರಳು ಆಚೆ ಚುಚ್ಚು. ಮಣ್ಣು ಸಡಿಲ ಆದ ಮೇಲೆ ಎಳಿ."

ಸ್ವಲ್ಪ ಹೊತ್ತಿಗೆ ಅತ್ತೆ ಒಂದು ಮಣೆ ಹಿಡಿದು ಬಂದು ಕೂತರು. ಮಗಳೂ ಬಂದಳು. ಆವತ್ತೇ ಹೇಳಿದ್ದೆನಲ್ಲ ಎಂಬ ಮಾತು ಅತ್ತೆಯ ಬಾಯಿಂದ ಬರಲಿಲ್ಲ. ಬಂದಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತು. ನಾಲ್ಕೂ ಜನ ದಿನಾ ಕಿತ್ತರು. ಅಡಿಗೆ ತಡವಾಯಿತು, ಗಂಡಸರು ತಣ್ಣನೆಯ ರೊಟ್ಟಿ ತಿಂದರು. ಅಷ್ಟಾದರೂ ಹುಲ್ಲು ಮೇಡಂ ಬಂದ ದಿನ ಮೂರರಲ್ಲಿ ಒಂದು ಪಾಲು ಮುಳ್ಳು ಹಾಗೇ ಇತ್ತು.

ಮೇಡಂ ಬದುವಿನ ಮೇಲೆ ನಿಂತರು. "ಕುರಿ ಕೂಡಿದ್ರಾ?"

"ಹೂಂ" ಎಂದಳು ಅಕ್ಕ. "ಜಾಲಿ ತಿಂದಿದ್ವು. ಗೊತ್ತಿದ್ದೂ ಬಿಟ್ಟೆ."

ಮೇಡಂ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಉಳಿದದ್ದನ್ನೂ ಕಿತ್ತುಬಿಡಿ. ಕಿತ್ತಲ್ಲಿ ಗುಂಡಿ ಆಗಿದೆಯಲ್ಲ, ಮುಚ್ಚಬೇಡಿ. ಮೇಲಿಂದ ಹರಿದು ಬರೋ ನೀರು ಅದರಲ್ಲಿ ನಿಲ್ಲಲಿ. ಬೀಜಕ್ಕೆ ಮಾತ್ರ ಮೇಲಿನ ನೆಲಾನೇ ತಗೋತೀವಿ." ತಂಗಿಯ ಕಡೆ ತಿರುಗಿದರು. "ಕಾಯೋದು ನೀವೇ ಅಲ್ವಾ?"

"ನಂಗಾಗಲ್ಲ ಮೇಡಂ" ಎಂದಳು ತಂಗಿ. "ಹಸು ಬಿಟ್ಟು ದಿನವೆಲ್ಲ ಒಂದು ಕಡೆ ಕೂತಿರೋದು ನನ್ನಿಂದಾಗಲ್ಲ. ಅಕ್ಕ ಕಾಯ್ತಾಳೆ."

ಅಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತಾನು ಹೊಟ್ಟೆ ಸುಟ್ಟುಕೊಂಡು ಬಯಸಿದ್ದು, ಯಾವುದಕ್ಕಾಗಿ ನೆಲ ಹಾಳುಮಾಡಿಕೊಂಡಳೋ ಅದು, ಇವಳಿಗೆ ಬೇಕಾಗಿಯೇ ಇರಲಿಲ್ಲ. ನಿನ್ನ ದಾನ ನಿನ್ನ ಹತ್ತಿರವೇ ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಡಂ ಚೀಲದಿಂದ ಕೋಟು ತೆಗೆದರು. ಹೊಸ ಬಟ್ಟೆಯ ವಾಸನೆ ಬಂತು.

"ಏನಮ್ಮ, ಆಗುತ್ತಾ?" ಎಂದರು ಮೇಡಂ.

"ಆಗುತ್ತೆ" ಎಂದಳು ಅಕ್ಕ.

ಸಂಜೆ ಅಡಿಗೆಮನೆಯಲ್ಲಿ ಇಬ್ಬರೇ ಇದ್ದಾಗ ಅವಳು ಪಾತ್ರೆ ಕುಕ್ಕಿದಳು. "ನಿಂಗೆ ಬೇಡವಾದ್ದನ್ನ ನನ್ನ ಮುಂದೆ ಎಸೆದ್ಯಾ?"

ತಂಗಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಬೇಕು ಅಂತ ನೀನು ಬಾಯಿಬಿಟ್ಟು ಒಂದು ದಿನ ಕೇಳಿದೀಯ? ಹಾಲು ಬೇಡ. ಬಣವೆ ಬೇಡ. ನಾನು ಪಕ್ಕದಲ್ಲಿ ಕೂರೋದೂ ಬೇಡ. ಬೇಡ ಬೇಡ ಅಂತಾನೇ ಎಲ್ಲಾ ಬೇಕು ನಿಂಗೆ. ನಾನೇನು ಮಾಡ್ಲಿ? ನನ್ನ ಹೊಲಕ್ಕೆ ಬೆಂಕಿ ಇಡ್ಲಾ? ಆಗ ಸಮಾಧಾನ ಆಗುತ್ತಾ?"

ಹೊರಗೆ ಅತ್ತೆಯ ಕೆಮ್ಮು ನಿಂತಿತು. ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ನೆಮ್ಮದಿ. ಇಷ್ಟು ವರ್ಷದ ಮೇಲೆ ಕೊನೆಗೂ ಜಗಳಕ್ಕೆ ಜೊತೆ ಸಿಕ್ಕಿತ್ತು. ಇಬ್ಬರೂ ರೊಟ್ಟಿ ಸೀಯುವವರೆಗೂ ಆಡಿದರು, ತವರಿನ ಕೆನೆಯ ಲೆಕ್ಕದಿಂದ ಹಿಡಿದು.

ಮೇಲಿನ ನೆಲಕ್ಕೆ ಕಂಬ ಬಂತು, ತಂತಿ ಬಂತು. ಕಾಳು ಕಟ್ಟಿ ಬೀಜ ಆರಿಸುವವರೆಗೆ ಒಂದು ಕಡ್ಡಿಯನ್ನೂ ಯಾರೂ ಕೊಯ್ಯಬಾರದೆಂದು ಮೇಡಂ ಹೇಳಿಹೋಗಿದ್ದರು. ಅಕ್ಕ ಕೋಟಿನ ತೋಳು ಮಡಚಿಕೊಂಡು ಕೊಡೆ ಹಿಡಿದು ಬಂಡೆಯ ಮೇಲೆ ಕೂತಳು. ಅವಳು ಕಾದ ಹಾಗೆ ಯಾರೂ ಕಾಯುತ್ತಿರಲಿಲ್ಲ. ದನಗಳಿಗೆ ಕಲ್ಲು, ಮಕ್ಕಳಿಗೆ ಬೈಗುಳ, ಹಕ್ಕಿಗಳಿಗೂ ಒಂದು ಹುಷ್. ಹೊಟ್ಟೆಕಿಚ್ಚು ಹೋಗಿತ್ತೆ ಎಂದರೆ, ಹೋಗಿರಲಿಲ್ಲ. ದಿನವಿಡೀ ತಂಗಿಯ ಹಸಿರನ್ನೇ ನೋಡುತ್ತ ಕೂತರೆ ಹೇಗೆ ಹೋಗುತ್ತದೆ? ತೆನೆ ಬಿಟ್ಟ ಹುಲ್ಲು ಗಾಳಿಗೆ ಬಾಗಿದಾಗಲೆಲ್ಲ ಒಳಗೆ ಚುರ್ ಎನ್ನುತ್ತಿತ್ತು.

ಒಂದು ಬೆಳಿಗ್ಗೆ ತಂಗಿ ಕುಡುಗೋಲು ಹಿಡಿದು ಬೇಲಿಯ ಬಳಿ ಬಂದಳು.

"ಒಂದು ಹೊರೆ ಅಷ್ಟೇ ಅಕ್ಕ. ಬಣವೆ ಮುಗೀತು. ಹಸು ಕೂಗ್ತಿದೆ."

"ಬೀಜ ಆಗಲಿ."

"ಆ ಮೂಲೇಲಿ ಕೊಯ್ತೀನಿ, ಯಾರಿಗೂ ಕಾಣಲ್ಲ."

"ನಂಗೆ ಕಾಣುತ್ತೆ."

"ಹೊಲ ನನ್ನದು ಅಕ್ಕ."

"ನಿಂದೇ ಕಣೆ. ನನ್ನದಾಗಿದ್ರೆ ಕೊಯ್ಕೋ ಅಂತಿದ್ದೆ."

ತಂಗಿ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ತಂತಿ ಹಿಡಿದಳು. ಆಮೇಲೆ ಕೆಳಗೆ ಅಕ್ಕನ ಹೊಲದ ಕಡೆ ನೋಡಿದಳು. ಮುಳ್ಳು ಕಿತ್ತ ಗುಂಡಿಗಳಲ್ಲಿ ಅಲ್ಲಲ್ಲಿ ಒಂದೊಂದು ಹಿಡಿ ಹುಲ್ಲು ಎದ್ದಿತ್ತು. ಮಳೆನೀರಿನ ಜೊತೆ ಮೇಲಿನ ಹೊಲದಿಂದ ಹರಿದುಬಂದ ಹಳೆಯ ಬೀಜ, ಗುಂಡಿಯಲ್ಲಿ ಸಿಕ್ಕಿಕೊಂಡು ಮೊಳೆತದ್ದು. ಅದು ಎಲ್ಲಿಂದ ಬಂದದ್ದೆಂದು ಅಕ್ಕನಿಗೆ ಗೊತ್ತಿತ್ತು. ತಂಗಿಗೂ ಗೊತ್ತಿತ್ತು.

"ಹಾಗಾದ್ರೆ ನಿನ್ನ ಹೊಲದಲ್ಲಿ ಒಂದು ಹಿಡಿ ಕೊಯ್ಕೊಳ್ಲಾ ಅಕ್ಕ?"

ಆ ಮಾತನ್ನು ಇನ್ನೊಂದು ಸಲ ಕೇಳಬೇಕು ಎನಿಸಿತು ಅಕ್ಕನಿಗೆ.

"ಏನಂದೆ?"

"ನಿನ್ನ ಹೊಲದ ಹುಲ್ಲು ಕೊಡ್ತೀಯಾ ಅಂದೆ."

"ಹೂಂ. ಕೊಯ್ಕೋ ಹೋಗು."

ತಂಗಿ ಇಳಿದು ಹೋಗಿ ಮೊದಲ ಗುಂಡಿಯ ಮುಂದೆ ಬಗ್ಗಿದಳು. ಅಕ್ಕ ಕೊಡೆ ಮಡಚಿ ಬಂಡೆಯ ಮೇಲೆ ಎದ್ದು ನಿಂತು ಕೂಗಿದಳು.

"ಬುಡ ಬಿಟ್ಟು ಕೊಯ್ಯೇ. ಅದು ನನ್ನ ಹುಲ್ಲು."